ರಟ್ಟು ಹನ್ನೊಂದು ತುಂಡು, ಒಳಗಿರುವವರ ಸಹಿತ

ಹುಳದಮ್ಮನಿಗೆ ಆ ಹೆಸರಿಟ್ಟವನು ಅವಳ ಮೈದುನ. ಇಟ್ಟ ಹೊಸದರಲ್ಲಿ ಅವಳು ಒಂದು ವಾರ ಮುಖ ಊದಿಸಿಕೊಂಡಿದ್ದಳು. ಆಮೇಲೆ ವಸ್ತುಸಂಗ್ರಹಾಲಯದ ಕಾವಲುಗಾರನಿಂದ ಹಿಡಿದು ಟಿಕೆಟ್ ಹರಿಯುವವಳವರೆಗೆ ಎಲ್ಲರ ಬಾಯಲ್ಲೂ ಅದೇ ಹೆಸರು ಓಡಾಡತೊಡಗಿದಾಗ, ಕರೆದರೆ ಕರೆಯಲಿ ಎಂದು ಸುಮ್ಮನಾದಳು. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಅವಳು ಹುಳ ಸಾಕಿಕೊಂಡಿದ್ದಳು.

ಶೋಕಿಗೆ ಸಾಕಿದ್ದಲ್ಲ. ಸತ್ತ ಪ್ರಾಣಿಯ ಅಸ್ಥಿಪಂಜರವನ್ನು ಗಾಜಿನ ಹಿಂದೆ ನಿಲ್ಲಿಸಬೇಕಾದರೆ ಮೊದಲು ಮೂಳೆಗಂಟಿದ ಮಾಂಸವೆಲ್ಲ ಹೋಗಬೇಕು. ಚಾಕುವಿನಲ್ಲಿ ಕೆರೆದರೆ ಮೂಳೆಗೆ ಗೀರು ಬೀಳುತ್ತದೆ. ಕುದಿಸಿದರೆ ಸಣ್ಣಪುಟ್ಟ ಮೂಳೆಗಳು ಕೀಲು ಬಿಟ್ಟು ಒಂದಕ್ಕೊಂದು ಬೆರೆತುಹೋಗುತ್ತವೆ. ಮಾಂಸ ತಿನ್ನುವ ಈ ಕಪ್ಪು ಹುಳಗಳು ಹಾಗೆ ಮಾಡುವುದಿಲ್ಲ. ಒಣಗಿಸಿದ ದೇಹವನ್ನು ಅವುಗಳ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರೆ, ದೊಡ್ಡವೂ ಮರಿಗಳೂ ಸೇರಿ, ಇಲಿಯ ಕಿರುಬೆರಳಿನ ಮೂಳೆಯನ್ನೂ ಕದಲಿಸದೆ ಚೊಕ್ಕಟ ಮಾಡಿಕೊಡುತ್ತವೆ. ಹುಳದಮ್ಮನಿಗೆ ಈ ಕೆಲಸ ಕಲಿಸಿದ ಮುದುಕ, ನಿವೃತ್ತನಾದ ದಿನ ಒಂದು ಕಾಫಿ ಡಬ್ಬಿಯಲ್ಲಿ ನಲವತ್ತು ಹುಳ ಹಾಕಿ ಅವಳ ಕೈಗಿತ್ತು, "ಇವು ಸತ್ರೆ ನಾನು ಸತ್ತ ಹಾಗೆ, ತಿಳ್ಕೊ" ಎಂದು ಹೇಳಿ ಹೋಗಿದ್ದ. ಮುದುಕ ಆಮೇಲೆ ತನ್ನ ಪಾಡಿಗೆ ತಾನು ಸತ್ತ. ಹುಳಗಳು ಮಾತ್ರ ನೂರು ತಲೆಮಾರು ದಾಟಿ ಈಗ ಸಾವಿರಗಟ್ಟಲೆ ಆಗಿದ್ದವು.

ಅವಳ ಗಂಡ ಸಂಗ್ರಹಾಲಯದ ಹಿಂದಿನ ಗಲ್ಲಿಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡವನು. ರಜೆಯ ದಿನವೂ ಅವಳು ಬೀಗದ ಕೈ ಹಿಡಿದು ಹೊರಟರೆ, "ಏನು, ತವರಿಗೆ ಹೊರಟ್ಯಾ? ಎಲ್ಲಾರನ್ನೂ ಕೇಳಿದೆ ಅಂತ ಹೇಳು" ಎನ್ನುತ್ತಿದ್ದ. ಅವಳು ಮೂಗು ಮುರಿದು ಹೋಗುತ್ತಿದ್ದಳು. ಹೋಗಿ, ಪೆಟ್ಟಿಗೆಯ ಮುಚ್ಚಳ ತೆಗೆದು, ನಿಜವಾಗಿಯೂ ಹೇಳುತ್ತಿದ್ದಳು.

ಮೈದುನ, ಅಂದರೆ ಗಡಿಯಾರದವನ ತಮ್ಮ, ಅದೇ ಕಟ್ಟಡದ ಮೊದಲ ಮಹಡಿಯ ಗ್ರಂಥಾಲಯದಲ್ಲಿ ಬೈಂಡರ್. ಹರಿದ ಪುಸ್ತಕಕ್ಕೆ ಹೊಲಿಗೆ ಹಾಕುವವನೂ ಅವನೇ, ಚೀಟಿ ಬರೆದು ಓದಲು ಕೊಡುವವನೂ ಅವನೇ, ತಡವಾಗಿ ತಂದರೆ ಕಣ್ಣು ಕೆಂಪಗೆ ಮಾಡುವವನೂ ಅವನೇ. ತೊಡಕು ಏನೆಂದರೆ, ಒಣಮಾಂಸ ತಿನ್ನುವ ಹುಳದ ಪಾಲಿಗೆ ಚರ್ಮವೂ ಒಣಮಾಂಸವೇ. ಹಳೆಯ ಪುಸ್ತಕದ ಚರ್ಮದ ಹೊದಿಕೆ ಸಿಕ್ಕಿತೆಂದರೆ ಅದಕ್ಕೆ ಭರ್ಜರಿ ಊಟ. ಹಾಗಾಗಿ ಅತ್ತಿಗೆ ಮೈದುನರ ನಡುವೆ ಹತ್ತೊಂಬತ್ತು ವರ್ಷಗಳಿಂದ ಒಂದು ಗಡಿ ಇತ್ತು. ನೆಲಮಾಳಿಗೆಯಿಂದ ಮಹಡಿಗೆ ಹೋಗುವ ಮೆಟ್ಟಿಲು ನಡುವೆ ತಿರುಗುವ ಕಡೆ ಒಂದು ಅಗಲವಾದ ಕಟ್ಟೆ, ಪಕ್ಕದಲ್ಲಿ ಕಿಟಕಿ. ಮಧ್ಯಾಹ್ನ ಒಂದು ಗಂಟೆಗೆ ಹುಳದಮ್ಮ ಊಟದ ಡಬ್ಬಿ ಹಿಡಿದು ಅಲ್ಲಿಗೆ ಬಂದು ಎರಡೂ ಕೈ ಚಾಚಿ ನಿಲ್ಲಬೇಕು. ಮೈದುನ ಮೆತ್ತನೆಯ ಬ್ರಷ್ಷಿನಿಂದ ಅವಳ ಕೋಟಿನ ತೋಳು, ಕಾಲರು, ಜೇಬಿನ ಅಂಚು ಎಲ್ಲ ಝಾಡಿಸಿ, ಟಾರ್ಚು ಬಿಟ್ಟು ನೋಡಬೇಕು.

"ಕಳ್ಳಸಾಗಣೆ ಮಾಲು ಏನಾದ್ರೂ ಇದೆಯಾ ಅತ್ತಿಗೆ?"

"ಇದೆ. ಹೊಟ್ಟೆ ಒಳಗೆ ಹಸಿವು. ಬೇಗ ಮುಗಿಸಪ್ಪ."

ಅದಾದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು, ಒಬ್ಬರ ಡಬ್ಬಿಗೆ ಒಬ್ಬರು ಕೈ ಹಾಕಿ ಉಣ್ಣುತ್ತಿದ್ದರು. ಏಳುವಾಗ ಮೈದುನ ತಾನು ಕತ್ತರಿಸಿ ಮಿಕ್ಕಿಸಿದ ಹಳೇ ರಟ್ಟಿನ ಚೂರುಗಳನ್ನು ಅವಳಿಗೆ ಕೊಡುತ್ತಿದ್ದ. ಮರಿಹುಳಗಳಿಗೆ ಬೆಳೆದು ಕೋಶ ಕಟ್ಟುವ ಹೊತ್ತಿಗೆ ಕೊರೆದು ಅಡಗಿ ಕೂರಲು ಏನಾದರೂ ಬೇಕು. ಪುಸ್ತಕದ ರಟ್ಟು ಅವಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಮೂರು ತಿಂಗಳ ಹಿಂದೆ ಇದೆಲ್ಲ ಕೆಟ್ಟಿತು. ಸಂಗ್ರಹಾಲಯದ ಮೊಟ್ಟಮೊದಲ ದಾಖಲೆ ಪುಸ್ತಕ, ಚರ್ಮದ ಹೊದಿಕೆಯದು, ಮೈದುನನ ಪ್ರಾಣ. ಒಂದು ಬೆಳಗ್ಗೆ ಅದನ್ನು ತೆರೆದರೆ ಬೆನ್ನಿನ ಮೇಲೆ ತೂತು, ತೂತಿನೊಳಗೆ ಒಂದು ಮರಿಹುಳ. ಅವನು ಆ ಹುಳವನ್ನು ಬೆಂಕಿಪೊಟ್ಟಣಕ್ಕೆ ಹಾಕಿ, ಮೇಲೆ ಕಾಗದ ಸುತ್ತಿ, ಅಂಟು ಬಳಿದು ಸೀಲು ಮಾಡಿ, ನೆಲಮಾಳಿಗೆಯ ಬಾಗಿಲಲ್ಲಿ ಬಂದು ನಿಂತ.

"ಅತ್ತಿಗೆ, ನಿಮ್ಮ ತವರಿನವರು ಗಡಿ ದಾಟಿದ್ದಾರೆ."

"ನನ್ನ ಹುಳ ನನ್ನ ಪೆಟ್ಟಿಗೆ ಬಿಟ್ಟು ಹೋಗಲ್ಲ."

"ಸಾಕ್ಷಿ ಇದೆ," ಎಂದು ಅವನು ಪೊಟ್ಟಣ ಅಲ್ಲಾಡಿಸಿದ.

ತೋರಿಸು ನೋಡೋಣ ಎಂದು ಅವಳು ಒಂದು ಮಾತು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ. ಇಪ್ಪತ್ತಾರು ವರ್ಷದ ಅನುಭವಸ್ಥೆ, ಮೈದುನನ ಮುಂದೆ ಬೆಂಕಿಪೊಟ್ಟಣಕ್ಕೆ ಕಣ್ಣು ಹಾಕುವುದೇ? ನೋಡಿ ಎಂದು ಅವನು ತೆರೆದು ತೋರಿಸಿದ್ದರೂ ಮುಗಿಯುತ್ತಿತ್ತು. ಅವನೂ ತೋರಿಸಲಿಲ್ಲ, ಸಾಕ್ಷಿಗೆ ಹಾಕಿದ ಸೀಲು ಒಡೆಯುವುದೇ? ಹೀಗೆ ಇಬ್ಬರು ಬುದ್ಧಿವಂತರು ಸೇರಿ ಎರಡು ನಿಮಿಷದ ಕೆಲಸವನ್ನು ಮೂರು ತಿಂಗಳು ಎಳೆದರು. ಒಂದು ಗಂಟೆಯ ಊಟ ನಿಂತಿತು, ರಟ್ಟಿನ ಚೂರೂ ನಿಂತಿತು. ಹುಳದಮ್ಮ ಪೆಟ್ಟಿಗೆಗೆ ಅಂಗಡಿಯಿಂದ ಹತ್ತಿ ತಂದು ಹಾಕಿದಳು.

ಅದೇ ವಾರ, ಮನಸ್ಸು ಕುದಿಯುತ್ತಿದ್ದಾಗಲೇ, ಅವಳ ಕಣ್ಣಿಗೆ ಇನ್ನೊಂದು ದೃಶ್ಯ ಬಿತ್ತು. ಪೆಟ್ಟಿಗೆಯಲ್ಲಿ ಎಳ್ಳುಕಾಳಿನಷ್ಟು ದೊಡ್ಡ ಒಂದು ಜಾತಿಯ ಜೀವ ಎಷ್ಟೋ ವರ್ಷಗಳಿಂದ ಇತ್ತು. ಚೇಳಿನ ಹಾಗೆ ಎರಡು ಇಕ್ಕಳ, ಆದರೆ ಬಾಲವಿಲ್ಲ, ಕೊಂಡಿಯಿಲ್ಲ. ಅವಳು ಅದನ್ನು ಮೊಂಡುಚೇಳು ಎನ್ನುತ್ತಿದ್ದಳು. ಎಲ್ಲಿಗಾದರೂ ಹೋಗಬೇಕೆನಿಸಿದರೆ ಅದು ನಡೆಯುವ ಕಷ್ಟ ತೆಗೆದುಕೊಳ್ಳುವುದಿಲ್ಲ. ದೊಡ್ಡ ಹುಳದ ಕಾಲನ್ನು ಇಕ್ಕಳದಲ್ಲಿ ಹಿಡಿದು ಬಿಟ್ಟಿ ಸವಾರಿ ಹೊರಡುತ್ತದೆ. ಪಾಪದ್ದು, ಇದ್ದುಕೊಳ್ಳಲಿ ಎಂದು ಬಿಟ್ಟಿದ್ದಳು. ಆ ದಿನ ನೋಡಿದರೆ ಒಂದು ಮೊಂಡುಚೇಳು, ಆಗತಾನೇ ಮೊಟ್ಟೆಯೊಡೆದು ಬಂದ ಅವಳ ಹುಳದ ಮರಿಯೊಂದನ್ನು ಇಕ್ಕಳದಲ್ಲಿ ಹಿಡಿದು ಹೀರುತ್ತ ಕೂತಿದೆ.

"ಮೇಲೆ ಒಬ್ಬ ನನ್ನ ಹುಳಗಳಿಗೆ ಕಳ್ಳ ಅಂತಾನೆ, ಕೆಳಗೆ ನೀನು ಅವನ್ನ ತಿಂತೀಯ," ಎಂದು ಅವಳು ಆ ಎಳ್ಳುಕಾಳಿಗೆ ಬೈದಳು.

ಬೈದು ಬಿಡಲಿಲ್ಲ. ನಾಲ್ಕು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಒದ್ದೆ ಕುಂಚದ ತುದಿಯಿಂದ ಮೊಂಡುಚೇಳುಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿದಳು. ಅರವತ್ತಮೂರು ಸಿಕ್ಕವು. ಕೊಲ್ಲಲು ಮನಸ್ಸು ಬರಲಿಲ್ಲ. ಊಟದ ಹೊತ್ತಿನಲ್ಲಿ ಮೈದುನ ಕೈ ತೊಳೆಯಲು ಹೋದದ್ದು ನೋಡಿ, ಕಳ್ಳಹೆಜ್ಜೆಯಲ್ಲಿ ಮಹಡಿ ಹತ್ತಿ, ಗ್ರಂಥಾಲಯದ ಬಾಗಿಲ ಬಳಿಯಿದ್ದ ರಟ್ಟಿನ ಚೂರಿನ ಪೆಟ್ಟಿಗೆಗೆ ಅಷ್ಟನ್ನೂ ಸುರಿದು ಬಂದಳು. ಗಡಿ ದಾಟುವುದು ಅಂದರೆ ಏನೆಂದು ಈಗ ಗೊತ್ತಾಗಲಿ ಎಂದುಕೊಂಡಳು. ಆ ಸಂಜೆ ಮನೆಯಲ್ಲಿ ಅವಳು ಹಾಡು ಗುನುಗಿದ್ದನ್ನು ಕೇಳಿ ಗಂಡ ಆಶ್ಚರ್ಯಪಟ್ಟ.

ಹಾಡು ಹೆಚ್ಚು ದಿನ ಉಳಿಯಲಿಲ್ಲ. ಹತ್ತು ವಾರದ ಮೇಲೆ ಪೆಟ್ಟಿಗೆಯ ಮೂಲೆಯಲ್ಲಿ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಕಂಡಿತು. ಮೇಲೆ ಭೂತಗನ್ನಡಿ ಹಿಡಿದಳು. ಹಿಟ್ಟು ನಡೆದಾಡುತ್ತಿತ್ತು.

ನುಸಿ! ಹುಳ ಸಾಕುವವರೆಲ್ಲ ಹೆದರುವ ನುಸಿ. ಬೇರೆ ಊರಿನ ಸಂಗ್ರಹಾಲಯದವರು ಇವಳಿಗೆ ಕಾಗದ ಬರೆದು, ನುಸಿ ಹೋಗಲು ಏನು ಮಾಡುತ್ತೀರಿ ಎಂದು ಕೇಳುತ್ತಿದ್ದರು. ಇವಳು ಪ್ರತಿಸಲವೂ, 'ನನ್ನಲ್ಲಿ ನುಸಿ ಬಂದೇ ಇಲ್ಲ. ಚೊಕ್ಕಟವಾಗಿಟ್ಟರೆ ಏಕೆ ಬರುತ್ತದೆ?' ಎಂದು ಉತ್ತರ ಬರೆದು, ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದಳು. ಈಗ ಅದೇ ನುಸಿ ಅವಳ ಹುಳಗಳ ಹೊಟ್ಟೆಯಡಿ, ಕಾಲಿನ ಸಂದಿಯಲ್ಲಿ, ಮೊಟ್ಟೆಗಳ ಮೇಲೆ ಕಿಕ್ಕಿರಿದು ಕೂತಿತ್ತು. ಮೊಟ್ಟೆಗಳು ಬತ್ತಿದವು. ದೊಡ್ಡ ಹುಳಗಳು ಊಟ ಬಿಟ್ಟು ಪೆಟ್ಟಿಗೆಯ ಗೋಡೆಗಂಟಿ ಕೂತವು.

ಊಟ ಬಿಡಲು ಅವು ಆರಿಸಿಕೊಂಡ ಗಳಿಗೆಯೂ ಚೆನ್ನಾಗಿತ್ತು. ಪೆಟ್ಟಿಗೆಯೊಳಗೆ ಒಂದು ನೀರುನಾಯಿ ಮಲಗಿತ್ತು, ಅರ್ಧ ಮೂಳೆ, ಅರ್ಧ ಮಾಂಸ. ನದಿಯ ಜೀವಿಗಳ ಹೊಸ ಕೊಠಡಿಗೆ ಅದೇ ಮುಖ್ಯ ಆಕರ್ಷಣೆ. ಆ ಕೊಠಡಿಯನ್ನು ಕಟ್ಟಿಸುತ್ತಿದ್ದವರು ಹೊಸ ನಿರ್ದೇಶಕಿ. ಸದಾ ಬಿಳಿ ಕೈಗವಸು ಹಾಕಿರುತ್ತಿದ್ದರಿಂದ ಎಲ್ಲರ ಬಾಯಲ್ಲಿ ಗ್ಲೌಸ್ ಮೇಡಂ. ಮೇಡಂ ಒಂದು ದಿನ ಮೂಗಿಗೆ ಕರ್ಚೀಫು ಹಿಡಿದು ಕೆಳಗಿಳಿದರು, ಪೆಟ್ಟಿಗೆಯನ್ನೂ ನೀರುನಾಯಿಯನ್ನೂ ನೋಡಿದರು.

"ಎಷ್ಟು ದಿನದಿಂದ ಹೀಗಿದೆ?"

"ಸ್ವಲ್ಪ ಮೈ ಸರಿಯಿಲ್ಲ ಮೇಡಂ ಅವಕ್ಕೆ."

"ನೋಡಿ, ಔಷಧಿ ನೀರಿನ ತೊಟ್ಟಿ ತರಿಸಿದ್ರೆ ವಾಸನೆ ಇಲ್ಲ, ಹುಳದ ಭಯ ಇಲ್ಲ. ಆದ್ರೂ ನಿಮ್ಮ ಇಷ್ಟು ವರ್ಷದ ಕೆಲಸಕ್ಕೆ ಗೌರವ ಕೊಡ್ತೀನಿ. ಮೂವತ್ತು ದಿನ. ಅಷ್ಟರಲ್ಲಿ ಇದು ತಯಾರಾಗ್ಲಿಲ್ಲ ಅಂದ್ರೆ ಪೆಟ್ಟಿಗೆ ಫ್ರೀಜರ್‌ಗೆ ಹೋಗುತ್ತೆ."

ಫ್ರೀಜರ್ ಅಂದರೆ ಹುಳಗಳ ಪಾಲಿಗೆ ಸಾವು. ಮೇಡಂ ಅದನ್ನು ಕೋಪದಿಂದ ಹೇಳಿರಲಿಲ್ಲ, ಅದರಿಂದಲೇ ಹುಳದಮ್ಮನಿಗೆ ಹೆಚ್ಚು ಭಯವಾಯಿತು. ಕೋಪ ಇಳಿಯುತ್ತದೆ, ಲೆಕ್ಕಾಚಾರ ಇಳಿಯುವುದಿಲ್ಲ. ಅವಳು ಎಂಟು ದಿನ ಒದ್ದಾಡಿದಳು. ಪೆಟ್ಟಿಗೆಯ ಕಸವನ್ನೆಲ್ಲ ಜರಡಿ ಹಿಡಿದಳು, ದೀಪ ಹಾಕಿ ತೇವ ಆರಿಸಿದಳು, ಹತ್ತಿ ಬದಲಾಯಿಸಿದಳು. ಎರಡು ದಿನ ಕಡಿಮೆಯಾದ ನುಸಿ ಮೂರನೆಯ ದಿನ ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ವಾಪಸು ಬಂತು. ಒಂಬತ್ತನೆಯ ದಿನ ಬೆಳಗ್ಗೆ ಗೋಡೆಯ ಬುಡದಲ್ಲಿ ಇನ್ನೂರಕ್ಕೂ ಹೆಚ್ಚು ಹುಳ ಕಾಲು ಮೇಲೆ ಮಾಡಿ ಬಿದ್ದಿದ್ದವು. ಅವಳು ಅವನ್ನು ಗುಡಿಸಿ ಎತ್ತಲಾರದೆ, ಸ್ಟೂಲಿನ ಮೇಲೆ ಕೂತು ಅತ್ತಳು. ಕಾಫಿ ಡಬ್ಬಿಯ ಮುದುಕ ಕಣ್ಣಿಗೆ ಕಟ್ಟಿದ ಹಾಗಾಯಿತು.

ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಗಂಡನ ಅಂಗಡಿಗೆ ಹೋದಳು. ಕಟ್ಟೆಯ ಊಟ ನಿಂತ ಮೇಲೆ ಅವಳು ಉಣ್ಣುತ್ತಿದ್ದದ್ದು ಅಲ್ಲೇ, ಬಿಚ್ಚಿದ ಗಡಿಯಾರಗಳ ನಡುವೆ. ಗಂಡ ಕಣ್ಣಿಗೆ ಸಿಕ್ಕಿಸಿದ ಗಾಜು ತೆಗೆಯದೆಯೇ ಅವಳ ಮುಖ ನೋಡಿದ.

"ಏನೇ, ತವರಲ್ಲಿ ಎಲ್ಲಾ ಕ್ಷೇಮ ತಾನೇ?"

ದಿನಾ ಸಿಡುಕುವವಳು ಅಂದು ಸಿಡುಕದೆ ಇದ್ದದ್ದೇ ಅವನಿಗೆ ಗಾಬರಿ ಹುಟ್ಟಿಸಿತು. ಗಾಜು ತೆಗೆದು ಪಕ್ಕಕ್ಕಿಟ್ಟ. ಅವಳು ಎಲ್ಲವನ್ನೂ ಹೇಳಿದಳು: ನುಸಿ, ನೀರುನಾಯಿ, ಫ್ರೀಜರು, ಇನ್ನು ಇಪ್ಪತ್ತೊಂದು ದಿನ.

"ಇಷ್ಟು ವರ್ಷ ಬರದೇ ಇದ್ದದ್ದು ಈಗ್ಯಾಕೆ ಬಂತು?" ಎಂದ ಅವನು.

"ಅದೇ ಗೊತ್ತಾಗ್ತಿಲ್ಲಾರಿ. ನಾನು ಮೊದಲಿಗಿಂತ ಚೊಕ್ಕಟವಾಗೇ ಇಟ್ಟಿದ್ದೀನಿ."

"ಚೊಕ್ಕಟವಾಗಿಟ್ಟೆ ಅಂದ್ರೆ? ಏನು ತೆಗೆದೆ?"

"ಏನು ತೆಗೀಲಿ?"

"ನೋಡು, ನನ್ನ ಹತ್ರ ವಾರಕ್ಕೊಬ್ಬರು ಬರ್ತಾರೆ. ಗಡಿಯಾರ ಮನೇಲಿ ತಾವೇ ಬಿಚ್ಚಿರ್ತಾರೆ, ಒರೆಸಿರ್ತಾರೆ, ಮತ್ತೆ ಮುಚ್ಚಿರ್ತಾರೆ. ಓಡ್ತಾ ಇಲ್ಲ ಅಂತಾರೆ. ನಾನು ಒಂದೇ ಪ್ರಶ್ನೆ ಕೇಳೋದು, ಏನು ಮಿಕ್ತು? ಆಗ ಮೆಲ್ಲಗೆ ಜೇಬಿಂದ ಒಂದು ಕಾಗದದ ಪೊಟ್ಟಣ ತೆಗೀತಾರೆ. ಒಳಗೆ ಒಂದು ಸಣ್ಣ ಸ್ಪ್ರಿಂಗು. ಇದು ಎಲ್ಲಿಗೂ ಕೂರಲಿಲ್ಲ, ಹೆಚ್ಚಾಗಿ ಬಂದಿತ್ತು ಅನ್ಸುತ್ತೆ ಅಂತಾರೆ." ಗಂಡ ನಕ್ಕ. "ಯಾವ ಗಡಿಯಾರದಲ್ಲೂ ಹೆಚ್ಚಾಗಿ ಬಂದದ್ದು ಅಂತ ಇರಲ್ವೇ. ನೀನು ಏನು ಮಿಕ್ಕಿಸಿದೆ ಹೇಳು."

ಹುಳದಮ್ಮ ತುತ್ತು ಬಾಯಿಗಿಡಲು ಹೋದವಳು ಹಾಗೇ ನಿಂತಳು. ಅರವತ್ತಮೂರು ಎಳ್ಳುಕಾಳುಗಳು ಸಾಲುಗಟ್ಟಿ ಅವಳ ಕಣ್ಣ ಮುಂದೆ ಹಾದುಹೋದವು. ಒಂದು ಮರಿ ತಿಂದದ್ದನ್ನು ಕಂಡು ಇಡೀ ವಂಶಕ್ಕೆ ಶಿಕ್ಷೆ ಕೊಟ್ಟಿದ್ದಳು. ಆ ಒಂದು ಮರಿಯ ಜೊತೆಗೆ ಅವು ದಿನವಿಡೀ ಇನ್ನೇನು ತಿನ್ನುತ್ತಿದ್ದವು ಎಂದು ಕೇಳಲೇ ಇಲ್ಲ. ಇಷ್ಟು ವರ್ಷ ಅವಳ ಪೆಟ್ಟಿಗೆಗೆ ಬಂದ ನುಸಿಯನ್ನೆಲ್ಲ ಕಣ್ಣಿಗೆ ಕಾಣುವ ಮೊದಲೇ ಮುಗಿಸುತ್ತಿದ್ದವು ಅವೇ. ಬೇರೆ ಊರುಗಳಿಗೆ ತಾನು ಬರೆದ ಕಾಗದಗಳು ನೆನಪಾಗಿ ಅವಳಿಗೆ ನಾಚಿಕೆಯಾಯಿತು.

"ಎಲ್ಲಿ ಹಾಕಿದೆ ಆ ಸ್ಪ್ರಿಂಗನ್ನ?" ಎಂದು ಗಂಡ ಕೇಳಿದ.

"ನಿಮ್ಮ ತಮ್ಮನ ಹತ್ರ ಇದೆ," ಎಂದಳು ಅವಳು, ತುತ್ತನ್ನು ಡಬ್ಬಿಗೆ ವಾಪಸು ಹಾಕುತ್ತ.

ಗಂಡ ನಕ್ಕದ್ದು ಎರಡು ಅಂಗಡಿ ಆಚೆಗೆ ಕೇಳಿಸಿತಂತೆ.

ಮಹಡಿ ಹತ್ತುವುದು ಸುಲಭವಾಗಿರಲಿಲ್ಲ. ನಡುಕಟ್ಟೆಯ ಮೇಲೆ ಅವಳು ಅಭ್ಯಾಸಬಲದಿಂದ ನಿಂತಳು. ಝಾಡಿಸಲು ಯಾರೂ ಇರಲಿಲ್ಲ. ತನ್ನ ಕೋಟನ್ನು ತಾನೇ ಝಾಡಿಸಿಕೊಂಡು ಮೇಲೆ ಹೋದಳು. ಮೈದುನ ಒಂದು ಪುಸ್ತಕಕ್ಕೆ ಹೊಲಿಗೆ ಹಾಕುತ್ತಿದ್ದ. ತಲೆಯೆತ್ತಿ ನೋಡಿದ, ಸೂಜಿ ನಿಲ್ಲಿಸಿದ, ಆದರೆ ಬನ್ನಿ ಎನ್ನಲಿಲ್ಲ.

"ನಿನ್ನ ರಟ್ಟಿನ ಪೆಟ್ಟಿಗೇಲಿ," ಎಂದು ಶುರು ಮಾಡಿದಳು ಹುಳದಮ್ಮ, "ಸಣ್ಣ ಸಣ್ಣ ಚೇಳು ಏನಾದ್ರೂ ಕಂಡ್ವಾ?"

"ಅರವತ್ತಮೂರಾ?"

ಅವಳ ಮುಖ ಕೆಂಪಾಯಿತು.

"ಕೈ ತೊಳೆಯೋ ಕಡೆ ಕನ್ನಡಿ ಇದೆ ಅತ್ತಿಗೆ. ಅದರಲ್ಲಿ ಮೆಟ್ಟಿಲು ಕಾಣುತ್ತೆ. ನೀವು ತುದಿಗಾಲಲ್ಲಿ ಹತ್ತಿ ಬಂದದ್ದು, ಸುರಿದದ್ದು, ಇಳಿಯುವಾಗ ನಕ್ಕಿದ್ದು, ಎಲ್ಲಾ ನೋಡ್ದೆ. ಆಮೇಲೆ ಕೂತು ಎಣಿಸ್ದೆ."

"ನೋಡಿ ಸುಮ್ಮನಿದ್ಯಾ?"

"ಮತ್ತೇನು, ಓಡಿಸ್ಬೇಕಿತ್ತಾ? ಅವು ನನ್ನವೇ." ಅವನು ಸೂಜಿ ಕೆಳಗಿಟ್ಟು, ಪಾಠ ಹೇಳುವವನ ಹಾಗೆ ಬೆರಳೆತ್ತಿದ. ಮೈದುನನಿಗೆ ಒಂದು ಪುಸ್ತಕ ಓದಿಬಿಟ್ಟರೆ ಅದನ್ನು ಬರೆದವನೇ ತಾನೆಂಬ ಹುರುಪು. "ಹಳೇ ಪುಸ್ತಕದ ಅಂಟಿಗೆ ಒಂದು ಜಾತಿ ಹೇನು ಬೀಳುತ್ತೆ. ಆ ಹೇನು ತಿನ್ನೋಕೆ ಇವು ಬರ್ತವೆ. ನಾನು ಕೊಡ್ತಿದ್ದ ರಟ್ಟಿನ ಸಂದಿಲಿ ಕೂತು ನಿಮ್ಮಲ್ಲಿಗೆ ಬಂದವು. ಅಲ್ಲಿ ನುಸಿ ತಿಂದ್ಕೊಂಡು, ನಿಮ್ಮ ಹುಳದ ಮೇಲೆ ಸವಾರಿ ಮಾಡ್ಕೊಂಡು ಇದ್ವು. ನೀವು ಗಂಟುಮೂಟೆ ಕಟ್ಟಿ ಕಳಿಸಿದ್ರಿ, ವಾಪಸು ಬಂದವು. ನಂಗೇನು ನಷ್ಟ? ಈ ವರ್ಷ ನನ್ನ ಪುಸ್ತಕದಲ್ಲಿ ಹುಡುಕಿದ್ರೂ ಒಂದು ಹೇನಿಲ್ಲ. ಯಾರು ಯಾರನ್ನ ತಿಂತಾರೆ, ಯಾರು ಯಾರ ಮೇಲೆ ಕೂತು ಹೋಗ್ತಾರೆ, ಯಾರಿಂದ ಯಾರು ಬದುಕಿದ್ದಾರೆ, ಇದನ್ನೆಲ್ಲಾ ನೋಡ್ದೆ ಒಬ್ಬರನ್ನ ಎಬ್ಬಿಸಿದ್ರೆ..."

"ಸಾಕಪ್ಪ. ನಾನು ಇದೇ ಕೆಲಸದಲ್ಲಿ ಕೂದಲು ಹಣ್ಣು ಮಾಡ್ಕೊಂಡವಳು."

"ಹಣ್ಣಾಗಿದೆ, ಹೌದು. ಅದಕ್ಕೇ ಕೇಳೋಕೆ ಬಂದಿದ್ದೀರಿ."

ಬೇರೆ ದಿನವಾಗಿದ್ದರೆ ಅವಳು ತಿರುಗಿ ಏನಾದರೂ ಅಂದು ಅವನ ಬಾಯಿ ಮುಚ್ಚಿಸುತ್ತಿದ್ದಳು. ಆದರೆ ಕಣ್ಣ ಮುಂದೆ ಕಾಲು ಮೇಲೆ ಮಾಡಿ ಬಿದ್ದ ಇನ್ನೂರು ಹುಳ ಇದ್ದವು.

"ನನ್ನ ಹುಳ ಸಾಯ್ತಾ ಇದಾವೆ," ಎಂದಳು. ಧ್ವನಿ ಅವಳು ಬಯಸಿದ್ದಕ್ಕಿಂತ ಸಣ್ಣದಾಗಿ ಬಂತು. "ಕೊಡ್ತೀಯಾ?"

ಮೈದುನನ ಬೆರಳು ಕೆಳಗಿಳಿಯಿತು. ಅವನು ಎದ್ದು, ರಟ್ಟಿನ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು, ಒಂದೊಂದೇ ಚೂರನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಪದರಗಳ ನಡುವೆ ಹೆಚ್ಚು ಮೊಂಡುಚೇಳು ಇದ್ದವನ್ನು ಬೇರೆ ಇಟ್ಟ. ಹನ್ನೊಂದು ತುಂಡಾದವು. ಆಮೇಲೆ ಮೇಜಿಗೆ ಹೋಗಿ ಗ್ರಂಥಾಲಯದ ಚೀಟಿ ಪುಸ್ತಕ ತೆಗೆದ.

"ಇದಕ್ಕೂ ಚೀಟಿನಾ?"

"ಇಲ್ಲಿಂದ ಏನು ಹೊರಗೆ ಹೋದ್ರೂ ಚೀಟಿ ಇರ್ಬೇಕು. ನಿಯಮ ಅತ್ತಿಗೆಗೂ ಒಂದೇ, ಮೇಡಂಗೂ ಒಂದೇ." ಅವನು ಗಂಭೀರವಾಗಿ ಬರೆದ: 'ರಟ್ಟು ಹನ್ನೊಂದು ತುಂಡು, ಒಳಗಿರುವವರ ಸಹಿತ. ಪಡೆದವರು: ಹುಳದಮ್ಮ. ಹಿಂದಿರುಗಿಸಬೇಕಾದದ್ದು: ಇಪ್ಪತ್ತು ದಿನಗಳೊಳಗೆ.' ಚೀಟಿಗೆ ಠಸ್ಸೆ ಒತ್ತಿ ಅವಳ ಮುಂದೆ ಸರಿಸಿದ. ಅವಳು ಹಲ್ಲು ಕಡಿದುಕೊಂಡು ಸಹಿ ಹಾಕಿದಳು.

ಬಾಗಿಲವರೆಗೆ ಹೋದವಳಿಗೆ ಹಿಂದಿನಿಂದ ಅವನ ದನಿ ಕೇಳಿಸಿತು. "ಮರಿ ಒಂದೆರಡು ತಿಂದ್ರೆ ತಿನ್ಲಿ, ಹೊಟ್ಟೆಗೆ ಹಾಕ್ಕೊಳ್ಳಿ."

ಮೊದಲ ಐದು ದಿನ ಏನೂ ಆಗಲಿಲ್ಲ. ಹುಳದಮ್ಮ ದಿನವೂ ಪೆಟ್ಟಿಗೆಯ ಕಸ ಒಂದು ಚಮಚ ತೆಗೆದು ಕಪ್ಪು ಕಾಗದದ ಮೇಲೆ ಹರಡಿ, ನುಸಿ ಎಣಿಸಿ ನೋಟುಬುಕ್ಕಿನಲ್ಲಿ ಬರೆದಳು. ನಾನೂರು. ನಾನೂರ ಹತ್ತು. ಮುನ್ನೂರ ತೊಂಬತ್ತು. ಏಳನೆಯ ದಿನ ಇನ್ನೂರೈವತ್ತಕ್ಕೆ ಬಂದಾಗ ಎಣಿಕೆ ತಪ್ಪಿತೇನೋ ಎಂದು ಮತ್ತೆ ಎಣಿಸಿದಳು. ಮೊಂಡುಚೇಳುಗಳಿಗೆ ಇಂಥ ಊಟ ಜನ್ಮದಲ್ಲೇ ಸಿಕ್ಕಿರಲಿಕ್ಕಿಲ್ಲ, ಒಂದೊಂದೂ ದುಂಡಗಾಗಿತ್ತು. ಹತ್ತನೆಯ ದಿನ ನುಸಿ ಅರವತ್ತು. ಆ ದಿನವೇ ಅವಳು ಪೆಟ್ಟಿಗೆಗೆ ಕಿವಿ ಇಟ್ಟಾಗ ಒಳಗಿನಿಂದ ಚರಚರ ಸದ್ದು ಕೇಳಿಸಿತು. ಸಾವಿರ ಬಾಯಿಗಳು ಒಟ್ಟಿಗೆ ಉಣ್ಣುವ ಸದ್ದು. ಗೋಡೆಗಂಟಿ ಕೂತಿದ್ದ ಹುಳಗಳು ಇಳಿದು ಬಂದು ನೀರುನಾಯಿಯ ಪಕ್ಕೆಲುಬಿನೊಳಗೆ ನುಗ್ಗಿದ್ದವು. ಹುಳದಮ್ಮ ಅಲ್ಲೇ ಕಿವಿಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಅವಳಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಕ್ಕಿಲ್ಲ, ಗಂಡನಿಗೆ ಮಾತ್ರ ಹೇಳಬೇಡಿ.

ಈ ನಡುವೆ ಒಂದು ಮೊಂಡುಚೇಳು ಮತ್ತೆ ಅವಳ ಕಣ್ಣೆದುರಿಗೇ ಒಂದು ಮರಿಯನ್ನು ಹಿಡಿಯಿತು. ಕುಂಚಕ್ಕೆ ಹೋದ ಕೈಯನ್ನು ಅವಳು ಹಿಂದಕ್ಕೆ ಎಳೆದುಕೊಂಡಳು.

ಹತ್ತೊಂಬತ್ತನೆಯ ದಿನಕ್ಕೆ ನೀರುನಾಯಿ ಸಿದ್ಧವಾಯಿತು. ಮೀಸೆಯ ಬುಡ ಕೂರುವ ಸಣ್ಣ ತೂತುಗಳೂ ಎದ್ದು ಕಾಣುವಷ್ಟು ಚೊಕ್ಕ. ಮೇಡಂ ಕೈಗವಸು ಬಿಚ್ಚಿ ಬೆನ್ನುಮೂಳೆಯ ಮೇಲೆ ಬರಿಬೆರಳು ಆಡಿಸಿದರು. ಅವರ ಬೆರಳನ್ನು ಸಂಗ್ರಹಾಲಯದವರು ನೋಡಿದ್ದು ಅದೇ ಮೊದಲು. "ಪೆಟ್ಟಿಗೆ ಇಲ್ಲೇ ಇರ್ಲಿ," ಎಂದರು. "ಆ ತೊಟ್ಟಿಯವರಿಗೆ ಬೇಡ ಅಂತ ಬರೆದುಬಿಡ್ತೀನಿ."

ಇಪ್ಪತ್ತನೆಯ ದಿನ, ಗಡುವು ಮೀರದ ಹಾಗೆ, ಹುಳದಮ್ಮ ಹನ್ನೊಂದು ತುಂಡು ರಟ್ಟನ್ನು ಹಿಡಿದು ಮಹಡಿ ಹತ್ತಿದಳು. ಪೆಟ್ಟಿಗೆಯಲ್ಲಿ ನುಸಿ ತಿನ್ನಲು ಎಷ್ಟು ಬೇಕೋ ಅಷ್ಟು ಮೊಂಡುಚೇಳು ಉಳಿಸಿಕೊಂಡಿದ್ದಳು. ನುಸಿ ಕಡಿಮೆಯಾದ ಮೇಲೆ ಮಿಕ್ಕವಕ್ಕೆ ಅಲ್ಲಿ ಉಪವಾಸವೇ. ಮೈದುನ ಚೀಟಿ ತೆಗೆದು ತುಂಡುಗಳನ್ನು ಎಣಿಸಿದ, ಸಂದಿಗಳನ್ನು ಬೆಳಕಿಗೆ ಹಿಡಿದು ನೋಡಿದ.

"ಒಯ್ದಾಗ ಇದ್ದದ್ದಕ್ಕಿಂತ ಜಾಸ್ತಿ ಇದ್ದ ಹಾಗಿದೆ."

"ನನ್ನ ಮನೆಗೆ ಬಂದವರು ಹೊಟ್ಟೆ ತುಂಬಾ ಉಂಡೇ ಹೋಗೋದು."

ಅವನು ನಗಲಿಲ್ಲ. ಮೇಜಿನ ಸೆಳೆಖಾನೆ ಎಳೆದು, ಸೀಲು ಮಾಡಿದ ಬೆಂಕಿಪೊಟ್ಟಣ ತೆಗೆದು ಅವಳ ಮುಂದಿಟ್ಟ. ಸೀಲು ಆಗಲೇ ಒಡೆದಿತ್ತು. ಹುಳದಮ್ಮ ತೆರೆದು ನೋಡಿದಳು. ಒಳಗೆ ಒಣಗಿದ ಕಂದು ಮರಿಹುಳ, ಬಾಲದಲ್ಲಿ ಕುಚ್ಚಿನ ಹಾಗೆ ಕೂದಲು. ಒಂದೇ ನೋಟಕ್ಕೆ ಗೊತ್ತಾಯಿತು.

"ಇದು ನನ್ನದಲ್ಲ."

"ಅಲ್ಲ. ಇದು ದೊಡ್ಡದಾದ ಮೇಲೆ ಹೂವಿನ ಪರಾಗ ತಿನ್ನೋ ಜಾತಿ. ಮರಿ ಇದ್ದಾಗ ಚರ್ಮ, ಉಣ್ಣೆ. ಮೇಡಂ ಇಲ್ಲಿ ಮೇಜಿನ ಮೇಲೆ ವಾರಕ್ಕೊಂದು ಸಲ ಹೂವು ಇಡಿಸ್ತಿದ್ರಲ್ಲ, ಅದರ ಜೊತೆ ಬಂದಿದೆ. ನಾನು ಹೂದಾನಿ ತೆಗೆಸಿಬಿಟ್ಟೆ."

"ಯಾವಾಗ ಗೊತ್ತಾಯ್ತು ನಿಂಗೆ?"

ಅವನು ಹೊಲಿಗೆ ದಾರವನ್ನು ಬೆರಳಿಗೆ ಸುತ್ತತೊಡಗಿದ. "ಎರಡು ತಿಂಗಳಾಯ್ತು."

"ಎರಡು ತಿಂಗಳು!"

"ನೀವೇ ಮೊದಲು ಬರ್ಲಿ ಅಂತ..."

ಹುಳದಮ್ಮನಿಗೆ ನಿಜವಾಗಿ ಸಿಟ್ಟು ಬಂತು, ತಮಾಷೆಯ ಸಿಟ್ಟಲ್ಲ. "ಎರಡು ತಿಂಗಳು ನಾನು ಆ ಗಡಿಯಾರಗಳ ಟಿಕ್ ಟಿಕ್ ಕೇಳ್ಕೊಂಡು ಉಂಡಿದ್ದೀನಿ ಕಣೋ. ಉಂಡದ್ದು ಮೈಗೆ ಹತ್ತಲಿಲ್ಲ. ದಿನಾ ಒಂದು ಗಂಟೆಗೆ ಈ ಮೆಟ್ಟಿಲ ಹತ್ರ ಬಂದು, ನೀನು ಇದ್ದೀಯಾ ಅಂತ ನೋಡಿ ಹೋಗ್ತಿದ್ದೆ."

"ಗೊತ್ತು," ಎಂದ ಅವನು, ತಲೆಯೆತ್ತದೆ. "ಕನ್ನಡೀಲಿ ಕಾಣುತ್ತೆ."

ಗೋಡೆಯ ಗಡಿಯಾರ ಒಂದು ಹೊಡೆಯಿತು. ಮೈದುನ ಒಣಗಿದ ಮರಿಹುಳವನ್ನು ಕಸದ ಬುಟ್ಟಿಗೆ ಕೊಡವಿ, ಖಾಲಿಯಾದ ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು, ಮೊಳೆಗೆ ನೇತುಹಾಕಿದ್ದ ಬ್ರಷ್ಷನ್ನೂ ಟಾರ್ಚನ್ನೂ ತೆಗೆದು, ತನ್ನ ಊಟದ ಡಬ್ಬಿ ಹಿಡಿದು ಮೆಟ್ಟಿಲಿಳಿದ. ಅವಳು ಕೆಳಗೆ ಹೋಗಿ, ಒಮ್ಮೆ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗಿದ್ದವರನ್ನು ವಿಚಾರಿಸಿ, ತನ್ನ ಡಬ್ಬಿ ತೆಗೆದುಕೊಂಡು ನಡುಕಟ್ಟೆಗೆ ಹತ್ತಿ ಬಂದು, ಎರಡೂ ಕೈ ಚಾಚಿ ನಿಂತಳು.

ಮೈದುನ ತೋಳು ಝಾಡಿಸಿದ. ಜೇಬು ನೋಡಿದ. ಕಾಲರು ಮಗುಚಿ ಟಾರ್ಚು ಬಿಟ್ಟವನು ಹಾಗೇ ನಿಂತುಬಿಟ್ಟ.

ಕಾಲರಿನ ಮಡಿಕೆಯಲ್ಲಿ ಒಂದು ಕಪ್ಪು ಹುಳ ಕೂತಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊಟ್ಟಮೊದಲ ಸಲ. ಈ ಸಲ ಅವಳದ್ದೇ, ಅನುಮಾನವಿಲ್ಲ. ಅದರ ಹಿಂಗಾಲನ್ನು ಇಕ್ಕಳದಲ್ಲಿ ಹಿಡಿದುಕೊಂಡು ಒಂದು ಮೊಂಡುಚೇಳು ನೇತಾಡುತ್ತಿತ್ತು.

"ಏನೋ? ಏನಿದೆ?" ಎಂದಳು ಹುಳದಮ್ಮ, ಕತ್ತು ತಿರುಗಿಸಲಾಗದೆ.

ಮೈದುನ ಬೆಂಕಿಪೊಟ್ಟಣ ತೆಗೆದು, ಕುದುರೆಯನ್ನೂ ಸವಾರನನ್ನೂ ಬ್ರಷ್ಷಿನ ತುದಿಯಿಂದ ಮೆಲ್ಲಗೆ ಅದರೊಳಗೆ ಇಳಿಸಿ, ಮುಚ್ಚಿ, ಅವಳ ಚಾಚಿದ ಅಂಗೈಯಲ್ಲಿಟ್ಟ.

"ನಿಮ್ಮ ಕಡೆಯವರು ಒಬ್ಬರು, ನಮ್ಮ ಕಡೆಯವರು ಒಬ್ಬರು," ಎಂದ. "ಬಿಟ್ಟು ಬನ್ನಿ ಅತ್ತಿಗೆ, ಊಟ ಆರಿ ಹೋಗುತ್ತೆ."